ಒಂದು ಎಕರೆ ಕಾಡಿನ ಋತು ಅಳೆಯೋಕೆ ಕಂಬ, ಬಲೆ, ಪಟ್ಟಿ, ಪೆಟ್ಟಿಗೆ

ಕಾಡಿನಲ್ಲಿ ಏನು ಬದಲಾಯಿತು ಅಂತ ಗೊತ್ತಾಗಬೇಕಾದರೆ ನಾವು ನಿಂತು ನೋಡುವ ಜಾಗ ಬದಲಾಗಬಾರದು. ಈ ಕೆಲಸದ ಅರ್ಧ ಶ್ರಮ ಹೋಗಿದ್ದು ಅದಕ್ಕೇ. ಉಳಿದರ್ಧ ಗೆದ್ದಲು, ಇರುವೆ, ಅಳಿಲಿನ ಜೊತೆಗಿನ ಜಗಳಕ್ಕೆ.

ಜಾಗ ಸುಮಾರು ಒಂದು ಎಕರೆ. ಎಲೆ ಉದುರಿಸುವ ಮರಗಳೇ ಜಾಸ್ತಿ. ಮುತ್ತುಗ, ಹೊಂಗೆ, ಮತ್ತಿ, ತೇಗ, ಕಕ್ಕೆ, ಎರಡು ಬೂರುಗ, ಒಂದು ಹಳೇ ಅರಳಿ. ಅಂಚಿಗೆಲ್ಲ ಲಂಟಾನ ಪೊದೆ. ಇಂಥ ಕಾಡಿನಲ್ಲಿ ವರ್ಷವಿಡೀ ಏನಾದರೊಂದು ನಡೆಯುತ್ತಲೇ ಇರುತ್ತದೆ. ಆದರೆ ಹೋದ ವರ್ಷ ಹೊಂಗೆ ಯಾವಾಗ ಚಿಗುರಿತು ಅಂತ ಕೇಳಿದರೆ, ಜೊತೆಗೇ ನಿಂತು ನೋಡಿದವರೂ ಒಬ್ಬೊಬ್ಬರು ಒಂದೊಂದು ತಿಂಗಳು ಹೇಳುತ್ತಾರೆ. ಮರ ತುಂಬಿ ನಿಂತ ದಿನ ನೆನಪಿರುತ್ತದೆ. ಮೊದಲ ಚಿಗುರು ಕಂಡ ದಿನ ಯಾರಿಗೂ ನೆನಪಿರುವುದಿಲ್ಲ.

ನನಗೆ ಬೇಕಿದ್ದ ಉತ್ತರಗಳು ಕೆಲವೇ. ಎಲೆ ಯಾವಾಗ ಬಂತು, ಯಾವಾಗ ಹೋಯಿತು? ಎಷ್ಟು ಉದುರಿತು? ಕಾಂಡ ಯಾವಾಗ ದಪ್ಪವಾಯಿತು? ಆ ಹೊತ್ತಿಗೆ ನೆಲ ಎಷ್ಟು ಬಿಸಿ ಇತ್ತು, ಎಷ್ಟು ಮಳೆ ಬಿದ್ದಿತ್ತು? ಒಂದೊಂದು ಪ್ರಶ್ನೆಗೆ ಒಂದೊಂದು ಸಾಧನ. ಎಲ್ಲವೂ ಕೈಯಲ್ಲೇ ಮಾಡಿಕೊಳ್ಳುವಂಥವು.

ಸಾಧನ ಇಲ್ಲದೆಯೂ ಇದು ಆಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ಶುರು ಮಾಡಿದರು. ಯಾವ ಮರ ಎಂದು ಎಲೆ ಬಿಟ್ಟಿತು, ಯಾವ ಹಕ್ಕಿ ಎಂದು ಬಂತು, ಇಷ್ಟೇ. ಅವರ ಮನೆತನದವರು ಅದನ್ನು 1958ರವರೆಗೂ ಮುಂದುವರಿಸಿದರು. ಕ್ಯೋಟೋದಲ್ಲಿ ಚೆರ್ರಿ ಹೂವು ಅರಳಿದ ದಿನಗಳ ಲೆಕ್ಕ 9ನೇ ಶತಮಾನದಿಂದಲೂ ಸಿಗುತ್ತದೆ. ಅದೇ ಊರು, ಅದೇ ಗುರುತು ಅಂತ ಹಿಡಿದು ಬರೆದಿದ್ದರಿಂದಲೇ ಇವತ್ತಿಗೂ ಅವು ಹವಾಮಾನದ ಲೆಕ್ಕಕ್ಕೆ ಬರುತ್ತಿವೆ. ನಮ್ಮಲ್ಲೂ ಸೀಸನ್‌ವಾಚ್ ಎಂಬ ಯೋಜನೆ ಇದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದರ ಎಲೆ, ಹೂವು, ಕಾಯಿ ನೋಡಿ ಗುರುತು ಹಾಕುವುದು. ಪೆನ್ನು, ಪುಸ್ತಕ ಇದ್ದರೆ ಸಾಕು.

ಇನ್ನೊಂದು ಮಾತು. ಜಾಗ ಯಾರ ಸ್ವಾಧೀನದಲ್ಲಿದೆಯೋ ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕಂಬ ನೆಡುವುದು, ಮರಕ್ಕೆ ಪಟ್ಟಿ ಕಟ್ಟುವುದು ನೋಡಿದವರಿಗೆ ಬೇರೆಯೇ ಅರ್ಥ ಕೊಡಬಹುದು.

ಕಂಬ

ಒಂದೇ ಜಾಗದಿಂದ, ಒಂದೇ ಕೋನದಿಂದ ಫೋಟೋ ತೆಗೆಯೋಕೆ ಕಂಬ. ಮರದ ಗೂಟದ ಯೋಚನೆ ಮಾಡಲೇ ಇಲ್ಲ. ಗೆದ್ದಲಿರುವ ನೆಲದಲ್ಲಿ ಅದು ಬಹಳ ದಿನ ನಿಲ್ಲುವುದಿಲ್ಲ. 50 ಮಿ.ಮೀ. ಜಿಐ ಪೈಪ್ ತಗೊಂಡೆ. ಉದ್ದ ಎರಡು ಮೀಟರ್, ಅದರಲ್ಲಿ 60 ಸೆಂ.ಮೀ. ನೆಲದೊಳಗೆ. ಪೈಪಿನ ಬುಡಕ್ಕೆ ಅಡ್ಡಲಾಗಿ ಒಂದು ಗೇಣು ಸರಳು ವೆಲ್ಡ್ ಮಾಡಿಸಿದೆ. ಇದು ಮುಖ್ಯ. ನುಣುಪು ಪೈಪನ್ನು ಹಾಗೇ ಕಾಂಕ್ರೀಟಿನಲ್ಲಿ ನಿಲ್ಲಿಸಿದರೆ ಯಾರಾದರೂ ಒರಗಿದಾಗ, ದನ ಮೈ ಉಜ್ಜಿದಾಗ ಅದು ತಿರುಗಿಬಿಡುತ್ತದೆ. ಎರಡು ಡಿಗ್ರಿ ತಿರುಗಿದರೂ ದೂರದ ಕೊಂಬೆ ಚೌಕಟ್ಟಿನಿಂದ ಆಚೆ ಹೋಗುತ್ತದೆ.

ಪೈಪಿನ ತಲೆಗೆ 6 ಮಿ.ಮೀ. ಕಬ್ಬಿಣದ ತಟ್ಟೆ. ಅದರ ಮೇಲೆ ಎಲ್ ಆಕಾರದ ಆಂಗಲ್ ಎರಡು ಕಡೆ. ಫೋನನ್ನು ಅಡ್ಡ ಇಟ್ಟು ಮೂಲೆಗೆ ಒತ್ತಿದರೆ ಪ್ರತಿ ಸಲವೂ ಅದೇ ಜಾಗಕ್ಕೆ ಕೂರುತ್ತದೆ. ಲೆನ್ಸ್ ಬರುವ ಕಡೆ ಆಂಗಲ್ಲನ್ನು ಕತ್ತರಿಸಿ ಕಿಂಡಿ ಬಿಟ್ಟಿದೆ. ಪೈಪಿನ ಬಾಯಿಗೆ ಮುಚ್ಚಳ ಬೇಕೇ ಬೇಕು. ತೆರೆದಿಟ್ಟರೆ ಕಣಜ ಗೂಡು ಕಟ್ಟುತ್ತದೆ, ಆಮೇಲೆ ನೀವುಂಟು, ಅದುಂಟು.

ಕಾಂಕ್ರೀಟ್ ಹಾಕುವಾಗ ತೂಗುಗುಂಡು ಬಿಟ್ಟು ನೇರ ನೋಡಿ, ಮೂರು ಕಡೆ ಆಸರೆ ಕೊಟ್ಟು, ಗಟ್ಟಿಯಾಗುವವರೆಗೆ ಮುಟ್ಟಲಿಲ್ಲ. ಮುಖ ಉತ್ತರಕ್ಕೆ. ಭೂಮಿಯ ಉತ್ತರಾರ್ಧದಲ್ಲಿರುವವರಿಗೆ ಹೀಗೆ ನಿಲ್ಲಿಸಿದರೆ ವರ್ಷದ ಬಹುಪಾಲು ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ಉಷ್ಣವಲಯದಲ್ಲಿ ವರ್ಷದ ಸ್ವಲ್ಪ ಕಾಲ ಮಧ್ಯಾಹ್ನದ ಹೊತ್ತು ಸ್ವಲ್ಪ ಉತ್ತರಕ್ಕೆ ವಾಲುತ್ತಾನೆ. ಆದರೆ ಆಗ ನೆತ್ತಿಯ ಹತ್ತಿರವೇ ಇರುವುದರಿಂದ ಲೆನ್ಸಿಗೆ ತೊಂದರೆ ಇಲ್ಲ.

ಕಂಬಕ್ಕಿಂತ ಫೋನನ್ನು ಪಳಗಿಸುವುದು ಕಷ್ಟ. ಈಗಿನ ಫೋನುಗಳಿಗೆ ಎಲೆ ಕಂಡ ಕೂಡಲೇ ಹಸಿರನ್ನು ತಾವಾಗಿಯೇ ಏರಿಸುವ ಚಾಳಿ ಇದೆ. ನೋಡೋಕೆ ಚೆಂದ, ಅಳತೆಗೆ ಕೇಡು. ದೃಶ್ಯ ಗುರುತಿಸುವ ಸೌಲಭ್ಯ, ಹಲವು ಫೋಟೋ ಬೆರೆಸಿ ಬೆಳಕು ನೆರಳು ಸರಿದೂಗಿಸುವ ಎಚ್‌ಡಿಆರ್ ಎರಡನ್ನೂ ನಿಲ್ಲಿಸಿ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಹಗಲಿನ ಬೆಳಕಿಗೆ ಕಟ್ಟಿಹಾಕಿ. ಫೋನಿನ ಕ್ಯಾಮೆರಾದಲ್ಲಿ ಆಗದಿದ್ದರೆ, ಎಲ್ಲವನ್ನೂ ಕೈಯಲ್ಲಿ ಹೊಂದಿಸಲು ಬಿಡುವ ಬೇರೆ ಕ್ಯಾಮೆರಾ ಆಪ್ ಹಾಕಿಕೊಳ್ಳಿ. ಚೌಕಟ್ಟಿನ ಮೂಲೆಯಲ್ಲಿ ಬರುವ ಹಾಗೆ ಬೂದು ಬಣ್ಣ ಬಳಿದ ಒಂದು ಹಲಗೆ ನಿಲ್ಲಿಸಿದೆ. ಮಿರುಗದ ಬಣ್ಣ ಇರಬೇಕು. ಬೂದು ಬಣ್ಣದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಸಮ. ಫೋಟೋದಲ್ಲಿ ಸಮ ಬರದಿದ್ದರೆ ಅದು ಬೆಳಕಿನ ದೋಷ ಅಥವಾ ಫೋನಿನ ಆಟ. ಅದನ್ನು ನೋಡಿ ಉಳಿದ ಚಿತ್ರವನ್ನು ಸರಿಮಾಡಬಹುದು.

ಮಳೆಗಾಲದ ನಡುವೆ ಇದೇ ಹಲಗೆ ಕೈಕೊಟ್ಟಿತು. ಹಲಗೆಯ ಮೇಲೇ ತೆಳ್ಳಗೆ ಪಾಚಿ ಹಿಡಿದಿತ್ತು. ದೂರದಿಂದ ಗೊತ್ತಾಗದಷ್ಟು ತೆಳ್ಳಗೆ. ಬೆರಳಲ್ಲಿ ಒರೆಸಿದರೆ ಕೆಳಗಿನ ಬೂದು ಬಣ್ಣ ಕಾಣುತ್ತಿತ್ತು. ಅಳತೆಗೋಲೇ ಹಸಿರಾದರೆ ಲೆಕ್ಕದಲ್ಲಿ ಕಾಡು ಇದ್ದದ್ದಕ್ಕಿಂತ ಕಡಿಮೆ ಹಸಿರಾಗುತ್ತದೆ. ಈಗ ಹಲಗೆಯನ್ನು ತೆಗೆದು ಹಾಕುವ ಹಾಗೆ ಕೊಕ್ಕೆಗೆ ತೂಗುಹಾಕಿದ್ದೇನೆ. ಫೋಟೋಕ್ಕೆ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸುತ್ತೇನೆ, ಕೆಲಸ ಮುಗಿದ ಮೇಲೆ ಚೀಲಕ್ಕೆ ಹಾಕಿಕೊಳ್ಳುತ್ತೇನೆ.

ಲೆಕ್ಕ ಸುಲಭ. ಚಿತ್ರದಲ್ಲಿ ಒಂದು ಮರದ ನೆತ್ತಿಯ ಸುತ್ತ ಚೌಕ ಹಾಕಿ, ಅದರೊಳಗಿನ ಕೆಂಪು, ಹಸಿರು, ನೀಲಿಯ ಸರಾಸರಿ ತೆಗೆಯಬೇಕು. ಹಸಿರನ್ನು ಮೂರರ ಮೊತ್ತದಿಂದ ಭಾಗಿಸಬೇಕು. ಬೂದು ಬಣ್ಣಕ್ಕೆ 0.33 ಬರುತ್ತದೆ. ಎಲೆ ತುಂಬಿದ ಮರ ಅದಕ್ಕಿಂತ ಮೇಲೆ. ಚೌಕ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಇರಬೇಕು. ಕಂಬಕ್ಕೆ ಅಷ್ಟು ಒದ್ದಾಡಿದ್ದು ಇದಕ್ಕೇ.

ಆದರೆ ಈ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಅರಳಿ ಮರ ಚಿಗುರುವಾಗ ಎಲೆ ಹಸಿರಿರುವುದೇ ಇಲ್ಲ. ತಾಮ್ರದ ಬಣ್ಣ, ಕೆಲವೊಮ್ಮೆ ಗುಲಾಬಿ. ಬೇವಿನ ಕುಡಿಯೂ ಕೆಂಪು. ಎಳೆ ಎಲೆಯಲ್ಲಿ ಆಂಥೋಸಯಾನಿನ್ ಎಂಬ ಕೆಂಪು ವಸ್ತು ಜಾಸ್ತಿ ಇರುತ್ತದೆ, ಹಸಿರು ಆಮೇಲೆ ತುಂಬಿಕೊಳ್ಳುತ್ತದೆ. ಹಾಗಾಗಿ ಮರದ ತುಂಬ ಎಲೆ ಬಂದಿದ್ದರೂ ಹಸಿರಿನ ಲೆಕ್ಕ ಕೆಳಗಿಳಿಯುತ್ತದೆ. ಇದಕ್ಕೆ ಮದ್ದು ಪುಸ್ತಕ. ಪ್ರತಿ ಮರಕ್ಕೂ ನಂಬರ್ ಕೊಟ್ಟು ಎಳೆ ಎಲೆ, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಹೂವು, ಕಾಯಿ, ಹಣ್ಣು ಅಂತ ಕಾಲಂ ಹಾಕಿದ್ದೇನೆ. ಇಲ್ಲವೇ ಇಲ್ಲ ಅಂದರೆ ಸೊನ್ನೆ, ಅಲ್ಲಲ್ಲಿ ಇದ್ದರೆ ಒಂದು, ಜಾಸ್ತಿ ಇದ್ದರೆ ಎರಡು. ಶೇಕಡಾ ಲೆಕ್ಕ ಹಾಕೋಕೆ ಹೋಗಬೇಡಿ. ಒಂದೇ ಮರಕ್ಕೆ ಇಬ್ಬರು ನಲವತ್ತು, ಎಪ್ಪತ್ತು ಅಂತ ಹೇಳುತ್ತಾರೆ. ಸೊನ್ನೆ, ಒಂದು, ಎರಡರಲ್ಲಿ ಅಷ್ಟು ಜಗಳ ಬರುವುದಿಲ್ಲ.

ನಂಬರಿನ ಬಿಲ್ಲೆ ಅಲ್ಯೂಮಿನಿಯಂದು. ಕಾಂಡಕ್ಕೆ ತಂತಿಯನ್ನು ಬಿಗಿಯಾಗಿ ಸುತ್ತಬೇಡಿ. ಮರ ದಪ್ಪವಾಗುತ್ತಾ ಹೋದ ಹಾಗೆ ತಂತಿ ತೊಗಟೆಯೊಳಗೆ ಹೂತುಹೋಗಿ ಕತ್ತು ಹಿಸುಕುತ್ತದೆ. ಸ್ಪ್ರಿಂಗ್ ಸೇರಿಸಿ ಸಡಿಲವಾಗಿ ಕಟ್ಟಿದರೆ ಸರಿ.

ಎಲೆ ಬಲೆ

ಉದುರಿದ್ದನ್ನು ಹಿಡಿಯೋಕೆ ಬಲೆ. ಅರ್ಧ ಇಂಚಿನ ಪಿವಿಸಿ ಪೈಪು, ನಾಲ್ಕು ಮೂಲೆಗೆ ಎಲ್ಬೋ. ಒಳಅಳತೆ 71 ಸೆಂ.ಮೀ. ಚೌಕ. ಹೀಗೆ ಮಾಡಿದರೆ ಬಾಯಿಯ ವಿಸ್ತೀರ್ಣ ಹೆಚ್ಚುಕಡಿಮೆ ಅರ್ಧ ಚದರ ಮೀಟರ್, ಆಮೇಲೆ ಎರಡರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ ಸಿಗುತ್ತದೆ. ಪೈಪನ್ನು ಎಲ್ಬೋ ಎಷ್ಟು ನುಂಗುತ್ತದೆ ಅಂತ ಮೊದಲು ಅಳೆದುಕೊಂಡು ಕತ್ತರಿಸಿ. ಬಲೆಗೆ ಸೊಳ್ಳೆ ಪರದೆಯ ನೈಲಾನ್ ಬಟ್ಟೆ. ನೀರು ಸೋರಿಹೋಗುತ್ತದೆ, ಸಣ್ಣ ಹೂವಿನ ಚೂರೂ ನಿಲ್ಲುತ್ತದೆ. ಚೀಲದ ಹಾಗೆ ಅರ್ಧ ಮೀಟರ್ ಇಳಿಬಿಟ್ಟು, ತಳದಲ್ಲಿ ಒಂದು ನುಣುಪು ಕಲ್ಲು ಹಾಕಿದೆ. ಕಲ್ಲಿಲ್ಲದಿದ್ದರೆ ಬೇಸಿಗೆಯ ಗಾಳಿ ಬಲೆಯನ್ನು ಮಗುಚಿ ಎಲ್ಲವನ್ನೂ ಚೆಲ್ಲಿಬಿಡುತ್ತದೆ.

ನಾಲ್ಕು ಕಬ್ಬಿಣದ ಸರಳಿನ ಮೇಲೆ, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಬಾಯಿ. ತಳ ನೆಲ ಮುಟ್ಟಬಾರದು. ಮುಟ್ಟಿದರೆ ಗೆದ್ದಲು ಮಣ್ಣು ಕಟ್ಟಿಕೊಂಡು ಮೇಲೇರಿ, ನಾವು ತೂಗಬೇಕಾದ ಎಲೆಯನ್ನು ತಿಂದು ಮುಗಿಸುತ್ತದೆ. ಬಲೆಗಳನ್ನು ಎಲ್ಲಿ ಇಡಬೇಕು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿದೆ. ನಮಗೇ ಬಿಟ್ಟರೆ ಕೈ ತಾನಾಗಿಯೇ ದೊಡ್ಡ ಮರದ ಕೆಳಗೆ ಹೋಗುತ್ತದೆ, ಅಲ್ವಾ?

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬಲೆ ಖಾಲಿ ಮಾಡಿದರೂ ನಡೆಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ. ಇಲ್ಲದಿದ್ದರೆ ಬಲೆಯಲ್ಲೇ ಕೊಳೆತು ತೂಕ ಇಳಿಯುತ್ತದೆ. ತಂದದ್ದನ್ನು ಎಲೆ, ಕಡ್ಡಿ, ಹೂವು, ಕಾಯಿ, ಉಳಿದ ಪುಡಿ ಅಂತ ಬೇರೆ ಮಾಡಿ, ಕಾಗದದ ಚೀಲದಲ್ಲಿ ಹಾಕಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗಬೇಕು. ಹಸಿ ತೂಕಕ್ಕೆ ಬೆಲೆ ಇಲ್ಲ. ಅದರಲ್ಲಿ ಎಲೆಗಿಂತ ನೀರೇ ಜಾಸ್ತಿ ಇರಬಹುದು.

ಬಲೆಯಲ್ಲಿ ನನಗೆ ಅತಿ ಇಷ್ಟವಾದದ್ದು ಆ ಕೊನೆಯ ಪುಡಿ. ಮೊದಲು ಅದನ್ನು ಮಣ್ಣು ಅಂದುಕೊಳ್ಳುವಂತೆ ಇರುತ್ತದೆ. ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿದರೆ ಸಾಸಿವೆಗಿಂತ ಚಿಕ್ಕ ಕಪ್ಪು ಗುಂಡುಗಳು, ಮೈಮೇಲೆ ಉದ್ದುದ್ದ ಗೀರು. ಕಂಬಳಿಹುಳುಗಳ ಹಿಕ್ಕೆ. ತೇಗ ಹೊಸ ಎಲೆ ಬಿಟ್ಟ ಮೇಲೆ ಇದು ಒಮ್ಮೆಲೇ ಜಾಸ್ತಿಯಾಗುತ್ತದೆ. ಎಲೆ ತಿನ್ನುವ ಹುಳುಗಳಿಗೆ ಎಳೆ ಎಲೆಯೇ ಬೇಕು. ತಲೆ ಎತ್ತಿ ನೋಡಿದರೆ ಏನೂ ಕಾಣದ ಹೊತ್ತಿನಲ್ಲೇ ಬಲೆಯಲ್ಲಿ ಗುಂಡು ಬೀಳಲು ಶುರುವಾಗಿರುತ್ತದೆ. ಆಮೇಲೆ ಅಂಚಿನಿಂದ ಕಡಿದ ಎಲೆಗಳು ಕಾಣುತ್ತವೆ. ಇನ್ನೊಂದು ಜಾತಿಯ ಹುಳು ಎಲೆಯ ಮಾಂಸವನ್ನೆಲ್ಲ ಕೆರೆದು ನರಗಳ ಜಾಲ ಮಾತ್ರ ಉಳಿಸುತ್ತದೆ. ಆ ಎಲೆಯನ್ನು ಬೆಳಕಿಗೆ ಹಿಡಿದರೆ ಆಚೆಗಿರುವುದು ಕಾಣುತ್ತದೆ. ಹಸಿರಿನ ಲೆಕ್ಕ ಇಳಿದಾಗ ಎಲೆ ಉದುರಿತೋ, ಹುಳು ತಿಂದಿತೋ ಅಂತ ಫೋಟೋ ಹೇಳುವುದಿಲ್ಲ. ಬಲೆ ಹೇಳುತ್ತದೆ.

ಉಕ್ಕಿನ ಪಟ್ಟಿ

ಕಾಂಡದ ಸುತ್ತಳತೆ ಹಿಡಿಯೋಕೆ ತೆಳ್ಳನೆಯ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಸುಮಾರು 12 ಮಿ.ಮೀ. ಅಗಲ. ಮರದ ಸುತ್ತಳತೆಗಿಂತ ಒಂದು ಗೇಣು ಉದ್ದ ಇರಲಿ. ಒಂದು ತುದಿಗೆ ಅದೇ ಪಟ್ಟಿಯ ಚೂರಿನಿಂದ ಕೊರಳು ಮಾಡಿ, ಇನ್ನೊಂದು ತುದಿಯನ್ನು ಅದರೊಳಗೆ ತೂರಿಸಬೇಕು. ಎರಡಕ್ಕೂ ಸಣ್ಣ ತೂತು ಕೊರೆದು ಸ್ಪ್ರಿಂಗ್ ಸಿಕ್ಕಿಸಿದರೆ ಪಟ್ಟಿ ಮರವನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಪಟ್ಟಿಯ ಮೇಲೆ ಎರಡು ಗೀರು. ಮರ ದಪ್ಪವಾದರೆ ಗೀರುಗಳ ನಡುವಿನ ಅಂತರ ಹೆಚ್ಚುತ್ತದೆ. ಅದನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಬೇಕು. ಅಂತರ 3.14 ಮಿ.ಮೀ. ಹೆಚ್ಚಿದರೆ ಕಾಂಡದ ಅಡ್ಡಳತೆ 1 ಮಿ.ಮೀ. ಹೆಚ್ಚಿದೆ ಅಂತ.

ಅರಣ್ಯ ಇಲಾಖೆಯವರು ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯುತ್ತಾರೆ. ನಾನೂ ಅದರ ಆಸುಪಾಸಿನಲ್ಲೇ, ಗಂಟು, ಉಬ್ಬು ಇಲ್ಲದ ಕಡೆ ಕಟ್ಟಿದೆ. ಮತ್ತಿಯ ತೊಗಟೆ ಒರಟು, ಹೆಂಟೆ ಹೆಂಟೆಯಾಗಿ ಒಡೆದಿರುತ್ತದೆ. ಸಡಿಲವಾದ ಚೂರನ್ನು ಬ್ರಷ್ಷಿನಿಂದ ಉಜ್ಜಿ ತೆಗೆದೆ. ಚಾಕು ಮುಟ್ಟಿಸಬಾರದು.

ಹೊಸ ಪಟ್ಟಿಯ ಮೊದಲ ಕೆಲವು ತಿಂಗಳ ಲೆಕ್ಕವನ್ನು ಪಕ್ಕಕ್ಕಿಡಿ. ಸಡಿಲ ಸರಿದು ಪಟ್ಟಿ ಮರಕ್ಕೆ ಕೂರುವವರೆಗೆ ಅಳತೆ ಕಡಿಮೆಯೇ ತೋರಿಸುತ್ತದೆ. ಆಮೇಲೂ ಒಂದು ಶಿಸ್ತು ಬೇಕು, ಯಾವಾಗಲೂ ಬೆಳಗಿನ ಜಾವವೇ ಅಳೆಯಬೇಕು. ಯಾಕಂದರೆ ಕಾಂಡ ದಿನವೂ ಹಿಗ್ಗಿ ಕುಗ್ಗುತ್ತದೆ. ರಾತ್ರಿ ನೀರು ತುಂಬಿಕೊಂಡು ಹಿಗ್ಗುತ್ತದೆ, ಹಗಲು ಎಲೆಗಳು ನೀರು ಬಿಟ್ಟ ಹಾಗೆ ಕುಗ್ಗುತ್ತದೆ. ಸಾಲದ್ದಕ್ಕೆ ಪಟ್ಟಿಯ ಲೋಹವೂ ಬಿಸಿಗೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಸ್ಟೀಲ್ ಪಟ್ಟಿ ಹತ್ತು ಡಿಗ್ರಿ ಏರಿಕೆಗೆ ಸುಮಾರು 0.17 ಮಿ.ಮೀ. ಉದ್ದವಾಗುತ್ತದೆ. ಕ್ಯಾಲಿಪರ್‌ಗೆ ಅದು ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದು.

ಪಟ್ಟಿ ತೋರಿಸಿದ ಎರಡು ಸಂಗತಿ ಇಲ್ಲಿ ಹೇಳಬೇಕು. ಮೊದಲ ಮಳೆ ಬಿದ್ದ ಕೂಡಲೇ ಅಂತರ ಜಿಗಿಯುತ್ತದೆ. ಅದು ಬೆಳವಣಿಗೆ ಅಲ್ಲ. ಒಣಗಿದ ತೊಗಟೆ, ಕಾಂಡ ನೀರು ಕುಡಿದದ್ದು. ನಿಜವಾದ ಬೆಳವಣಿಗೆ ಆಮೇಲೆ, ನಿಧಾನವಾಗಿ. ಇನ್ನೊಂದು ಅದಕ್ಕಿಂತ ಸ್ವಾರಸ್ಯ. ಬೇಸಿಗೆಯಲ್ಲಿ ಎಲೆ ಪೂರ್ತಿ ಉದುರಿದ ಮೇಲೆ, ಮಳೆಯ ಹನಿಯೂ ಬೀಳದೆ, ಕೆಲವು ಮರಗಳ ಕಾಂಡ ಮತ್ತೆ ಸ್ವಲ್ಪ ತುಂಬಿಕೊಳ್ಳುತ್ತದೆ. ಎಲೆ ಇದ್ದಾಗ ನೀರು ಹೊರಹೋಗುತ್ತಿತ್ತು, ಎಲೆ ಹೋದ ಮೇಲೆ ಬೇರು ಎಳೆದದ್ದು ಒಳಗೇ ಉಳಿಯುತ್ತದೆ. ಮಣ್ಣಿನ ಆಳದಲ್ಲಿ ತೇವ ಸಿಗುವ ಮರಗಳು ಹೀಗೆ ಕೂಡಿಟ್ಟ ನೀರಿನಲ್ಲೇ ಹೂವು ಬಿಡುತ್ತವೆ, ಚಿಗುರುತ್ತವೆ. ಸುಡುಬಿಸಿಲಿನಲ್ಲಿ ಮುತ್ತುಗ ಬರಿಗೊಂಬೆಯಲ್ಲಿ ಹೂವು ಬಿಡುವುದು, ಮಳೆಗೆ ಕಾಯದೆ ಹೊಂಗೆ ಚಿಗುರುವುದು ಇದರಿಂದಲೇ ಸಾಧ್ಯ.

ಪೆಟ್ಟಿಗೆ, ಮತ್ತು ಅದರ ರಿಪೇರಿ

ಉಷ್ಣತೆ ಬರೆದಿಡುವ ಪೆಟ್ಟಿಗೆಯಲ್ಲಿ ಇಎಸ್‌ಪಿ32 ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಡಿಎಸ್3231 ಗಡಿಯಾರ, ಉಷ್ಣತೆ ಅಳೆಯುವ ಮೂರು ಡಿಎಸ್18ಬಿ20 ಸೆನ್ಸರ್. ಒಂದು ಮಣ್ಣಿನೊಳಗೆ 10 ಸೆಂ.ಮೀ. ಆಳದಲ್ಲಿ, ಒಂದು ತರಗೆಲೆಯ ಕೆಳಗೆ, ಒಂದು ಗಾಳಿಯಲ್ಲಿ. ಗಾಳಿಯ ಸೆನ್ಸರಿಗೆ ಬಿಸಿಲು ತಾಗಬಾರದು. ಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ಬೆರಳು ಹೋಗುವಷ್ಟು ಸಂದಿ ಬಿಟ್ಟು, ಒಂದರ ಮೇಲೊಂದು ಬೋಲ್ಟ್ ಮಾಡಿದರೆ ನೆರಳೂ ಆಯಿತು, ಗಾಳಿಯೂ ಆಡಿತು.

ಮೂರೂ ಸೆನ್ಸರ್ ಒಂದೇ ತಂತಿಯಲ್ಲಿ ಮಾತಾಡುತ್ತವೆ. ಆ ತಂತಿ ಮತ್ತು ವಿದ್ಯುತ್ ತಂತಿಯ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಬೇಕು. ಪ್ರತಿ ಸೆನ್ಸರಿಗೂ ತನ್ನದೇ ವಿಳಾಸ ಇರುತ್ತದೆ. ಯಾವುದು ಮಣ್ಣಿಗೆ, ಯಾವುದು ಗಾಳಿಗೆ ಅಂತ ನೆಡುವ ಮೊದಲೇ ಬರೆದುಕೊಳ್ಳಿ. ಇವುಗಳ ತಪ್ಪಿನ ಮಿತಿ ಅರ್ಧ ಡಿಗ್ರಿ ಅತ್ತಿತ್ತ. ಹಾಗಾಗಿ ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ತಣ್ಣೀರು ಬೆರೆಸಿ, ಮೂರನ್ನೂ ಅದರಲ್ಲಿ ಮುಳುಗಿಸಿ, ಸೊನ್ನೆಯಿಂದ ಯಾವುದು ಎಷ್ಟು ಜಾರುತ್ತದೆ ಅಂತ ನೋಡಿ, ಅಷ್ಟನ್ನು ಪ್ರೋಗ್ರಾಂನಲ್ಲಿ ಕಳೆದೆ.

ಬೋರ್ಡ್ ಅರ್ಧ ಗಂಟೆಗೊಮ್ಮೆ ಎದ್ದು ಅಳೆದು ಮತ್ತೆ ಮಲಗುತ್ತದೆ. ವರ್ಷದ ಲೆಕ್ಕ 200 ಕೆಬಿ ಮೀರುವುದಿಲ್ಲ, ಬೋರ್ಡಿನ ಮೆಮೊರಿಯೇ ಸಾಕು. ಮೆಮೊರಿ ಕಾರ್ಡ್ ಹಾಕಿದರೆ ಅದಕ್ಕೂ ಕರೆಂಟ್, ಅದರ ಸಾಕೆಟ್ಟಿಗೂ ತುಕ್ಕು. ಬೋರ್ಡ್ ಆರಿಸುವಾಗ ಒಂದು ವಿಷಯ ಗಮನಿಸಿ. ಚಿಪ್ ಮಲಗಿದಾಗ ಕರೆಂಟ್ ಬಹಳ ಕಡಿಮೆ, ನಿಜ. ಆದರೆ ಬೋರ್ಡಿನ ಮೇಲಿನ ಸಣ್ಣ ದೀಪ, ಯುಎಸ್‌ಬಿ ಚಿಪ್, ವೋಲ್ಟೇಜ್ ಇಳಿಸುವ ಚಿಪ್ ಮಲಗುವುದಿಲ್ಲ. ಬ್ಯಾಟರಿ ತಿನ್ನುವುದು ಅವೇ. ದೀಪವನ್ನು ಕಿತ್ತುಹಾಕಿದೆ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನು ನೇರ 3.3 ವೋಲ್ಟ್ ಪಿನ್ನಿಗೆ ಕೊಟ್ಟೆ. ಚಾರ್ಜರ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಅದರ ವೋಲ್ಟೇಜ್ ಸರಿಹೊಂದುವ ಮಟ್ಟಕ್ಕೆ ಇಳಿಯುತ್ತದೆ. ಮೀಟರಿನಲ್ಲಿ ನೋಡಿಯೇ ಹಾಕಿ.

ಮೊದಲ ತೊಂದರೆ ಬೇಸಿಗೆಯಲ್ಲೇ ಬಂತು. ತರಗೆಲೆಯ ಕೆಳಗಿನ ಸೆನ್ಸರ್ ಇದ್ದಕ್ಕಿದ್ದಂತೆ ಮೈನಸ್ 127 ಡಿಗ್ರಿ ಬರೆಯತೊಡಗಿತು. ಇದು ಉಷ್ಣತೆ ಅಲ್ಲ, ಸೆನ್ಸರ್ ಉತ್ತರ ಕೊಡುತ್ತಿಲ್ಲ ಅಂತ ಹೇಳುವ ರೀತಿ. ಮಲ್ಟಿಮೀಟರಿನಲ್ಲಿ ತಂತಿಯ ಎರಡು ತುದಿ ಮುಟ್ಟಿಸಿದರೆ ಶಬ್ದವೇ ಇಲ್ಲ, ಅಂದರೆ ತಂತಿ ಎಲ್ಲೋ ತುಂಡಾಗಿದೆ. ಬೆರಳಲ್ಲಿ ತಂತಿ ಸವರುತ್ತಾ ಹೋದರೆ ಮೊಣಕಾಲೆತ್ತರದಲ್ಲಿ ಸಿಕ್ಕಿತು. ಕವಚ ಕಚ್ಚಿ ಕಿತ್ತು, ತಾಮ್ರದ ಎಳೆಗಳು ಹೊಳೆಯುತ್ತಿದ್ದವು. ಅಳಿಲಿನ ಕೆಲಸ. ತಂತಿ ಬದಲಿಸಿ, ಪೆಟ್ಟಿಗೆಯಿಂದ ನೆಲದವರೆಗೆ ಬಾಗುವ ಉಕ್ಕಿನ ಕೊಳವೆಯೊಳಗೆ ಹಾಯಿಸಿದೆ. ಮತ್ತೆ ಆ ಗೋಳಿಲ್ಲ.

ಎರಡನೆಯದು ಅಷ್ಟು ಸುಲಭವಾಗಿ ಸಿಗಲಿಲ್ಲ. ಮಳೆ ಶುರುವಾದ ಮೇಲೆ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ 85 ಡಿಗ್ರಿ. ಕಾಡಿಗೆ ಬೆಂಕಿ ಬಿದ್ದರೂ ಮಣ್ಣಿನೊಳಗೆ ಅಷ್ಟು ಕರಾರುವಾಕ್ಕಾಗಿ 85.00 ಬರುವುದಿಲ್ಲ. ಈ ಸೆನ್ಸರಿಗೆ ಕರೆಂಟ್ ಬಂದ ಕ್ಷಣದಲ್ಲಿ ಅದರ ಬಾಯಲ್ಲಿರುವ ಸಂಖ್ಯೆಯೇ 85. ಅಳತೆ ಮುಗಿಯುವ ಮೊದಲೇ ಕೇಳಿದರೆ ಅದನ್ನೇ ಹೇಳುತ್ತದೆ. ಪೂರ್ತಿ ನಿಖರತೆಯಲ್ಲಿ ಅಳೆಯೋಕೆ ಅದಕ್ಕೆ 750 ಮಿಲಿಸೆಕೆಂಡ್ ಬೇಕು. ಪ್ರೋಗ್ರಾಂನಲ್ಲಿ ಒಂದು ಸೆಕೆಂಡ್ ಕಾಯಿಸಿದ್ದರಿಂದ ಅಲ್ಲಿ ತೊಂದರೆ ಇರಲಿಲ್ಲ. ಹಾಗಾದರೆ ಉಳಿದದ್ದು ಒಂದೇ, ಅಳೆಯುವ ನಡುವೆ ಕರೆಂಟ್ ತಪ್ಪಿ ಮತ್ತೆ ಬರುತ್ತಿದೆ.

ಮುಚ್ಚಳ ತೆಗೆದೆ. ಸ್ಕ್ರೂ ಕನೆಕ್ಟರಿನ ಸುತ್ತ ಸಣ್ಣ ಇರುವೆಗಳ ಗೂಡು. ಬೆಳಕು ಬಿದ್ದ ಕೂಡಲೇ ಬಿಳಿ ಮೊಟ್ಟೆ ಕಚ್ಚಿಕೊಂಡು ಓಡಾಟ ಶುರುವಾಯಿತು. ನಯವಾದ ಒದ್ದೆ ಮಣ್ಣು ತಂದು ಸಂದಿಯಲ್ಲೆಲ್ಲ ಮೆತ್ತಿದ್ದವು. ಬ್ರಷ್ಷಿನಲ್ಲಿ ಕೆರೆದರೆ ಕೆಳಗೆ ಸ್ಕ್ರೂ ತಲೆಯ ಮೇಲೆ ಹಸಿರು ಕಿಲುಬು. ಬ್ಯಾಟರಿಯ ಬಳಿ ವೋಲ್ಟೇಜ್ ಸರಿ ಇತ್ತು. ಕನೆಕ್ಟರಿನ ಆಚೆ ಬದಿಯಲ್ಲಿ ತಂತಿ ಅಲುಗಾಡಿಸಿದರೆ ಮೀಟರಿನ ಅಂಕಿ ಕುಣಿಯುತ್ತಿತ್ತು.

ಸ್ಕ್ರೂ ಕನೆಕ್ಟರನ್ನು ಪೂರ್ತಿ ಕಿತ್ತುಹಾಕಿದೆ. ತೇವದ ಜಾಗಕ್ಕೆ ಅದು ಲಾಯಕ್ಕಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಲ್ಲ ಜೋಡಣೆಯನ್ನೂ ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಏರಿಸಿದೆ. ತಂತಿ ಒಳಬರುವ ಗ್ಲ್ಯಾಂಡ್‌ಗಳನ್ನು ಪೆಟ್ಟಿಗೆಯ ತಳಕ್ಕೆ ಬದಲಿಸಿದೆ. ತಂತಿ ಕೆಳಗಿಳಿದು ಬಾಗಿ ಮತ್ತೆ ಮೇಲೇರುವ ಹಾಗೆ ಬಿಟ್ಟರೆ ಮಳೆನೀರು ಬಾಗಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ. ಸಂದಿಗೆ ಸಿಲಿಕಾನ್ ಹಚ್ಚುವುದಾದರೆ ಹುಳಿ ವಾಸನೆ ಬರುವುದು ಬೇಡ. ಅದು ಆರುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಬಗೆಯದು ತಗೊಳ್ಳಿ.

ಪೆಟ್ಟಿಗೆಯನ್ನು ಗಾಳಿಯಾಡದ ಹಾಗೆ ಬಿಗಿಯುವ ಆಸೆ ಎಲ್ಲರಿಗೂ ಬರುತ್ತದೆ. ಪೂರ್ತಿ ಬಿಗಿಯೋಕೆ ನಮ್ಮ ಕೈಯಲ್ಲಿ ಆಗುವುದಿಲ್ಲ. ಹಗಲು ಒಳಗಿನ ಗಾಳಿ ಹಿಗ್ಗಿ ಸಂದಿಯಿಂದ ಹೊರಹೋಗುತ್ತದೆ, ರಾತ್ರಿ ಕುಗ್ಗಿ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಬಂದ ತೇವ ಒಳಗೇ ನೀರಾಗಿ ನಿಲ್ಲುತ್ತದೆ. ಅದಕ್ಕೇ ತಳದಲ್ಲಿ ಒಂದು ಸಣ್ಣ ತೂತು ಬಿಟ್ಟು, ಇರುವೆ ನುಗ್ಗದಷ್ಟು ನಯವಾದ ಸ್ಟೀಲ್ ಜಾಲರಿ ಅಂಟಿಸಿದೆ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಒಂದು ಪೊಟ್ಟಣ ಒಳಗಿದೆ. ಕಿತ್ತಳೆಯಿಂದ ಹಸಿರಿಗೆ ತಿರುಗಿದರೆ ಬಿಸಿಮಾಡಿ ಒಣಗಿಸಿ ಮತ್ತೆ ಹಾಕುತ್ತೇನೆ.

ಕಡತದಲ್ಲಿ 85 ಮತ್ತು ಮೈನಸ್ 127 ಇದ್ದ ಸಾಲುಗಳನ್ನು ಅಳಿಸಲಿಲ್ಲ. ಮೂಲ ಕಡತ ಹಾಗೇ ಇದೆ, ಲೆಕ್ಕ ಹಾಕುವಾಗ ಮಾತ್ರ ಬಿಟ್ಟುಬಿಡುತ್ತೇನೆ. ಯಾವ ದಿನ ಯಾವ ಸೆನ್ಸರ್ ಕೈಕೊಟ್ಟಿತು ಅನ್ನುವುದೂ ಬೇಕಾಗುವ ಮಾಹಿತಿ.

ಮಳೆ

ಇದಕ್ಕೆ ಜಾಸ್ತಿ ಹೇಳುವುದೇನಿಲ್ಲ. ಬಾಯಿಯ ಅಡ್ಡಳತೆ 10 ಸೆಂ.ಮೀ. ಇರುವ ಆಲಿಕೆ, ಕೆಳಗೆ ಬಾಟಲಿ. ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ. ಆದ್ದರಿಂದ 7.85 ಮಿ.ಲೀ. ನೀರು ಅಂದರೆ 1 ಮಿ.ಮೀ. ಮಳೆ. ಅಳೆಯುವ ಸಿಲಿಂಡರ್ ಇದ್ದರೆ ಸಾಕು. ಆಲಿಕೆಯ ಕೊರಳಿಗೆ ಜಾಲರಿ ಹಾಕಿ, ಇಲ್ಲದಿದ್ದರೆ ಒಂದೇ ಒಂದು ಎಲೆ ದಾರಿ ಮುಚ್ಚುತ್ತದೆ. ಮಾಪಕ ಬಯಲಲ್ಲಿರಬೇಕು. ಹತ್ತಿರದ ಮರದ ಎತ್ತರದ ಎರಡರಷ್ಟಾದರೂ ದೂರ ಇರಲಿ. ಇನ್ನೊಂದನ್ನು ಮರಗಳ ಕೆಳಗೇ ಇಟ್ಟಿದ್ದೇನೆ. ಎರಡರ ವ್ಯತ್ಯಾಸ ನೋಡಿದರೆ ಎಲೆಗಳು ಎಷ್ಟು ಮಳೆಯನ್ನು ತಡೆದವು ಅನ್ನುವ ಅಂದಾಜು ಸಿಗುತ್ತದೆ. ತುಂತುರು ಮಳೆಯಲ್ಲಿ ಒಳಗಿನ ಬಾಟಲಿಗೆ ಹೆಚ್ಚೇನೂ ಬೀಳುವುದಿಲ್ಲ. ಎಲೆ ಉದುರಿದ ಕಾಲದ ಅಕಾಲ ಮಳೆಯಲ್ಲಿ ಎರಡೂ ಹತ್ತಿರ ಹತ್ತಿರ ಬರುತ್ತವೆ.

ಮುಂದೆ ಬಾಕಿ ಇರುವುದು

ಪಿವಿಸಿ ಚೌಕಟ್ಟು ಬಿಸಿಲಿಗೆ ಪೆಡಸಾಗುತ್ತಿದೆ. ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಕಾಣುತ್ತಿದೆ. ಮುಂದಿನ ಬಲೆಗಳಿಗೆ ಜಿಐ ತಂತಿಯ ಬಳೆಯೇ ವಾಸಿ. ಅಡ್ಡಳತೆ 80 ಸೆಂ.ಮೀ. ಇಟ್ಟರೆ ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ, ಅರ್ಧ ಚದರ ಮೀಟರ್. ಸ್ಪ್ರಿಂಗ್‌ಗಳಲ್ಲಿ ಒಂದೆರಡು ತುಕ್ಕು ಹಿಡಿದಿವೆ, ಅವನ್ನು ಸ್ಟೇನ್‌ಲೆಸ್‌ಗೆ ಬದಲಿಸಬೇಕು.

ಎಲ್ಲಕ್ಕಿಂತ ನಾಜೂಕಿನ ಕೆಲಸ ಫೋನ್ ಬದಲಿಸುವುದು. ಹಳೆಯದರ ಬ್ಯಾಟರಿ ಉಬ್ಬತೊಡಗಿದೆ. ಹೊಸ ಫೋನಿನ ಲೆನ್ಸ್ ಬೇರೆ, ಬಣ್ಣ ಬೇರೆ, ತಟ್ಟೆಯ ಮೇಲೆ ಕೂರುವ ಎತ್ತರವೂ ಬೇರೆ. ಒಂದು ದಿನ ಇದನ್ನು ತೆಗೆದು ಅದನ್ನು ಇಟ್ಟರೆ ಹಸಿರಿನ ಗೆರೆ ಅಲ್ಲೇ ಮೆಟ್ಟಿಲು ಹತ್ತುತ್ತದೆ, ಅದು ಕಾಡಿನದೋ ಫೋನಿನದೋ ಆಮೇಲೆ ಯಾರೂ ಹೇಳೋಕಾಗುವುದಿಲ್ಲ. ಅದಕ್ಕೆ ಹಳೆಯದಕ್ಕೆ ಹೊಸ ಬ್ಯಾಟರಿ ಹಾಕಿಸಿ ಒಂದು ಪೂರ್ತಿ ವರ್ಷ ಎರಡರಲ್ಲೂ ತೆಗೆಯುತ್ತೇನೆ. ಮೊದಲು ಹಳೆಯದು, ಕೂಡಲೇ ಹೊಸದು, ಅದೇ ಬೂದು ಹಲಗೆ ಇಟ್ಟುಕೊಂಡು. ಬರಿಗೊಂಬೆ, ಕೆಂಪು ಚಿಗುರು, ಮಳೆಗಾಲದ ದಟ್ಟ ಎಲೆ, ಹಣ್ಣೆಲೆ ಎಲ್ಲದರಲ್ಲೂ ಎರಡರ ನಡುವಿನ ವ್ಯತ್ಯಾಸ ಎಷ್ಟು ಅಂತ ಗೊತ್ತಾದ ಮೇಲೆಯೇ ಹಳೆಯದಕ್ಕೆ ವಿರಾಮ. ಹೊಸ ಫೋನಿಗಾಗಿ ತಟ್ಟೆಯ ಮೇಲೆ ಇನ್ನೊಂದು ಆಂಗಲ್ ಕೂರಿಸಬೇಕು. ಅದನ್ನು ವೆಲ್ಡ್ ಮಾಡದೆ ಬೋಲ್ಟ್ ಹಾಕಿ ಕೂರಿಸುತ್ತೇನೆ, ಹಳೇ ಆಂಗಲ್ ಇದ್ದಲ್ಲೇ ಇರುತ್ತದೆ.